ಮೂವತ್ತು ಮೀಟರ್ ಕಾರಿಡಾರ್ ಇದೆಯೇ ಎಂದು ಮೊದಲು ಕೇಳಿ

ಸ್ನಾತಕೋತ್ತರ ಸೀಟು ಹುಡುಕಿಕೊಂಡು ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮುಂಬಯಿ, ಪುಣೆಗೆ ಬರುವ ಫಿಸಿಯೋಥೆರಪಿಸ್ಟರು, ವೈದ್ಯರು ಕಾಲೇಜಿಗೆ ಕಾಲಿಟ್ಟ ಕೂಡಲೇ ಮೂರು ವಿಷಯ ಕೇಳುತ್ತಾರೆ: ಫೀಸು ಎಷ್ಟು, ಹಾಸ್ಟೆಲ್ ಇದೆಯೇ, ಸ್ಟೈಪೆಂಡ್ ಸಿಗುತ್ತದೆಯೇ. ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಿಮ್ಮ ವಿಭಾಗದಲ್ಲಿ ರೋಗಿಯನ್ನು ಆರು ನಿಮಿಷ ನಡೆಸಿ ನೋಡಲು 30 ಮೀಟರ್ ಉದ್ದದ ನೇರ ದಾರಿ ಇದೆಯೇ?

ಪ್ರಶ್ನೆ ವಿಚಿತ್ರ ಅನ್ನಿಸಬಹುದು, ಆದರೆ ಉತ್ತರದಿಂದ ವಿಭಾಗದ ಬಂಡವಾಳ ತಿಳಿಯುತ್ತದೆ. ಆರು ನಿಮಿಷದ ನಡಿಗೆ ಪರೀಕ್ಷೆ ಹೃದಯ ಮತ್ತು ಶ್ವಾಸಕೋಶದ ಪುನಶ್ಚೇತನದಲ್ಲಿ ದಿನನಿತ್ಯದ ಅಳತೆಗೋಲು. ಸಮತಟ್ಟಾದ ನೆಲ, ಮೂರು ಮೂರು ಮೀಟರಿಗೊಂದು ಗುರುತು, ಎರಡು ತುದಿಗೆ ಕೋನ್, ಸ್ಟಾಪ್‌ವಾಚ್, ಪಲ್ಸ್ ಆಕ್ಸಿಮೀಟರ್, ಸುಸ್ತಾದರೆ ಕೂರಲು ಕುರ್ಚಿ. ಅಮೆರಿಕನ್ ಥೊರಾಸಿಕ್ ಸೊಸೈಟಿ 2002ರಲ್ಲಿ ಕೊಟ್ಟ ಕ್ರಮ ಇಷ್ಟೇ. ಮುಂಬಯಿಯಲ್ಲಿ ಇಷ್ಟು ಜಾಗ ಹೊಂದಿಸುವುದೇ ಕಷ್ಟ. ಹಾಗಾಗಿ ಅನೇಕ ಕಡೆ 10 ಮೀಟರ್ ಓಣಿಯಲ್ಲೇ ರೋಗಿಯನ್ನು ಓಡಾಡಿಸಿ ಬರೆದುಕೊಳ್ಳುತ್ತಾರೆ. ಲೆಕ್ಕ ಹಾಕಿ: 360 ಮೀಟರ್ ನಡೆಯುವ ರೋಗಿ 30 ಮೀಟರ್ ದಾರಿಯಲ್ಲಿ 11 ಸಲ ತಿರುಗುತ್ತಾನೆ, 10 ಮೀಟರ್ ದಾರಿಯಲ್ಲಿ 35 ಸಲ. ಪ್ರತಿ ತಿರುವಿಗೂ ವೇಗ ತಗ್ಗಿ ಮತ್ತೆ ಏರಬೇಕು. ಆದ್ದರಿಂದ ಅದೇ ಮನುಷ್ಯ, ಅದೇ ದಿನ, ಓಣಿಯಲ್ಲಿ ಕಡಿಮೆ ದೂರ ನಡೆಯುತ್ತಾನೆ. ಆರೋಗ್ಯವಂತ ಎಷ್ಟು ದೂರ ನಡೆಯಬೇಕು ಎಂದು ಹೇಳುವ, ಉದ್ದ ಕಾರಿಡಾರಿನಲ್ಲಿ ಸಿದ್ಧಪಡಿಸಿದ ಸೂತ್ರಕ್ಕೆ ಈ ಅಳತೆಯನ್ನು ಹೋಲಿಸಿದರೆ ರೋಗ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಮೊದಲ ಅಳತೆ ಓಣಿಯಲ್ಲಿ, ಎಂಟು ವಾರದ ನಂತರದ ಅಳತೆ ಹೊಸ ಕಟ್ಟಡದ ಉದ್ದ ಕಾರಿಡಾರಿನಲ್ಲಿ. ಈ ಪರೀಕ್ಷೆಯಲ್ಲಿ ಸುಮಾರು 30 ಮೀಟರ್ ಹೆಚ್ಚಾದರೆ ರೋಗಿಗೆ ನಿಜವಾಗಿ ಉಪಯೋಗವಾಗಿದೆ ಎಂದು ಒಪ್ಪುವ ರೂಢಿಯಿದೆ. ಅಷ್ಟನ್ನು ಕಾರಿಡಾರೇ ಕೊಟ್ಟುಬಿಟ್ಟರೆ ಹೆಸರು ಚಿಕಿತ್ಸೆಗೆ. ಅಭ್ಯಾಸದ ಪರಿಣಾಮವೂ ಇರುತ್ತದೆ: ಎರಡನೇ ಸಲ ನಡೆಯುವಾಗ ರೋಗಿಗೆ ಆಟ ಗೊತ್ತಾಗಿರುತ್ತದೆ. ಆದ್ದರಿಂದ ಆರಂಭದಲ್ಲಿ ಎರಡು ಸಲ ನಡೆಸಿ, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಟ್ಟು, ಹೆಚ್ಚಿನ ದೂರವನ್ನು ದಾಖಲಿಸಬೇಕು. ನಿಮಿಷಕ್ಕೊಮ್ಮೆ ಹೇಳುವ ಮಾತೂ ನಿಗದಿತ. ಒಬ್ಬ ಪರೀಕ್ಷಕ ಸುಮ್ಮನೆ ನಿಂತು, ಇನ್ನೊಬ್ಬ ‘ಬನ್ನಿ ಅಂಕಲ್, ಇನ್ನೂ ಜೋರು’ ಎಂದು ಹುರಿದುಂಬಿಸಿದರೆ ಎರಡು ಅಳತೆ ಒಂದಕ್ಕೊಂದು ಕೂಡುವುದಿಲ್ಲ. ಆಮ್ಲಜನಕದ ಪ್ರಮಾಣ ಶೇ. 80ಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು.

ಜಾಗವೇ ಇಲ್ಲದ 200 ಚದರಡಿ ಕ್ಲಿನಿಕ್ಕಿನವರು ಸುಳ್ಳು ಅಂಕಿ ಬರೆಯಬೇಕಿಲ್ಲ. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಿ. ಆಸನದ ಎತ್ತರ 43 ಸೆಂ.ಮೀ., ಕೈಗಳು ಎದೆಯ ಮೇಲೆ ಅಡ್ಡ, ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು. ನಯವಾದ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರಿ ಬಿದ್ದವರಿಗೇನೂ ಕಡಿಮೆಯಿಲ್ಲ. ಇನ್ನೊಂದು, ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರುವ ಪರೀಕ್ಷೆ. ಹಿರಿಯರಿಗೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿಯಬೇಕು.

ಈಗ ಕೋರ್ಸುಗಳ ಮಾತು. ‘ವೆಲ್‌ನೆಸ್’ ಎಂಬ ಪದ ಪ್ರಮಾಣಪತ್ರದ ಮೇಲೆ ಚಂದ ಕಾಣುತ್ತದೆ, ಆದರೆ ಅದರ ಹಿಂದೆ ಯಾವ ಕೌನ್ಸಿಲ್ ಇದೆ ಎಂಬುದೇ ಮುಖ್ಯ. ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ದಾರಿ ಸ್ಪಷ್ಟ: ನೀಟ್ ಪಿ.ಜಿ. ಮೂಲಕ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್‌ನಲ್ಲಿ ಮೂರು ವರ್ಷದ ಎಂ.ಡಿ. ಮುಂಬಯಿಯ ಹಾಜಿ ಅಲಿಯಲ್ಲಿ 1955ರಿಂದ ಇರುವ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಈ ವಿಷಯಕ್ಕೇ ಮೀಸಲು. ಆಯುರ್ವೇದ ಪದವಿ ಬಿ.ಎ.ಎಂ.ಎಸ್. ಆದವರಿಗೆ ಪಂಚಕರ್ಮ ಇದೆ, ಆರೋಗ್ಯ ಕಾಪಾಡುವ ಕ್ರಮ ಕಲಿಸುವ ಸ್ವಸ್ಥವೃತ್ತ ಇದೆ; ಗೋವಾದ ಧಾರ್ಗಳದಲ್ಲಿ 2022ರ ಡಿಸೆಂಬರಿನಲ್ಲಿ ಅಖಿಲ ಭಾರತ ಆಯುರ್ವೇದ ಸಂಸ್ಥೆಯ ಆವರಣವೂ ಉದ್ಘಾಟನೆಯಾಗಿದೆ. ಫಿಸಿಯೋ ಮತ್ತು ಆಕ್ಯುಪೇಶನಲ್ ಥೆರಪಿ 2021ರ ಕಾಯ್ದೆಯಂತೆ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ವ್ಯಾಪ್ತಿಗೆ ಬಂದಿವೆ. ಕೃತಕ ಅಂಗ, ವಾಕ್ ಮತ್ತು ಶ್ರವಣದ ಕಡೆಯವರು ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿ ನೋಡಬೇಕು. ಒಂದೇ ರೋಗಿಯ ಸುತ್ತ ನಿಲ್ಲುವ ನಾಲ್ವರಿಗೆ ನಾಲ್ಕು ಕೌನ್ಸಿಲ್. ಗೊಂದಲ ನಿಮ್ಮದಲ್ಲ, ವ್ಯವಸ್ಥೆಯದ್ದು.

ಆನ್‌ಲೈನ್ ಜಾಹೀರಾತುಗಳ ಬಗ್ಗೆ ಎಚ್ಚರ. ಈ ಆಯೋಗದ ವ್ಯಾಪ್ತಿಯ ವಿಷಯಗಳನ್ನು, ಮನಃಶಾಸ್ತ್ರ ಮತ್ತು ಆಹಾರ-ಪೋಷಣೆ ಸೇರಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸಬಾರದೆಂದು ಯು.ಜಿ.ಸಿ. ತಡೆದಿದೆ. ವಾರಾಂತ್ಯದ ವೆಲ್‌ನೆಸ್ ಸರ್ಟಿಫಿಕೇಟ್ ತಪ್ಪಲ್ಲ, ತಿಳಿವಳಿಕೆಗೆ ಆಗುತ್ತದೆ. ಬೋರ್ಡಿನ ಮೇಲೆ ‘ರಿಹ್ಯಾಬ್ ತಜ್ಞ’ ಎಂದು ಬರೆಸಲು ಆಗುವುದಿಲ್ಲ. ಲೋಣಾವಳದ ಕೈವಲ್ಯಧಾಮ 1924ರಿಂದ ಯೋಗವನ್ನು ಪ್ರಯೋಗಾಲಯದಲ್ಲಿಟ್ಟು ನೋಡಿದ ಸಂಸ್ಥೆ. ಅಲ್ಲಿನ ಯೋಗ ಡಿಪ್ಲೊಮಾ ನಿಮ್ಮ ಮೂಲ ಪದವಿಗೆ ಬಲ ಕೊಡುತ್ತದೆ, ಮೂಲ ಪದವಿಯ ಜಾಗಕ್ಕೆ ಬರುವುದಿಲ್ಲ.

ಕರ್ನಾಟಕದಲ್ಲಿ ಓದಿ ಇಲ್ಲಿಗೆ ಬರುವವರು ಕಾಗದಪತ್ರದಲ್ಲೇ ಎಡವುತ್ತಾರೆ. ಬೇರೆ ವಿಶ್ವವಿದ್ಯಾಲಯದವರು ನಾಶಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರುವಾಗ ಅರ್ಹತಾ ಪತ್ರ, ಮೈಗ್ರೇಶನ್, ಇಂಟರ್ನ್‌ಶಿಪ್ ಮುಗಿಸಿದ ಪ್ರಮಾಣಪತ್ರ, ಎಲ್ಲಾ ವರ್ಷದ ಅಂಕಪಟ್ಟಿ ಬೇಕು. ಹೆಸರು ಎಲ್ಲ ಕಡೆ ಒಂದೇ ರೀತಿ ಇರಲಿ. ನಮ್ಮಲ್ಲಿ ಇನಿಶಿಯಲ್ ಬರೆಯುವ ರೂಢಿ, ಇಲ್ಲಿ ತಂದೆಯ ಹೆಸರನ್ನು ನಡುವೆ, ಅಡ್ಡಹೆಸರನ್ನು ಕೊನೆಗೆ ಬರೆಯುವ ರೂಢಿ. ‘ಕೆ.’ ಎಂದರೆ ಕೋಟ್ಯಾನೋ ಕಾರ್ಕಳವೋ ಎಂದು ಗುಮಾಸ್ತ ಕೇಳಿದಾಗ ಅಫಿಡವಿಟ್ ಮಾಡಿಸಲು ಓಡಬೇಕಾಗುತ್ತದೆ. ಊರಿನಿಂದ ಹೊರಡುವ ಮೊದಲೇ ಸರಿಮಾಡಿಸಿ.

ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಎಂ.ಪಿ.ಟಿ.ಗೆ ಶಾಖೆ ಆರಿಸುವಾಗ ಹುಡುಗರೆಲ್ಲ ಸ್ಪೋರ್ಟ್ಸ್, ಮಸ್ಕ್ಯುಲೋಸ್ಕೆಲಿಟಲ್ ಎನ್ನುತ್ತಾರೆ. ಕಮ್ಯುನಿಟಿ ಶಾಖೆ ಕೊನೆಗೆ ಉಳಿದವರಿಗೆ. ಸ್ವಾಸ್ಥ್ಯ ಮತ್ತು ಪುನಶ್ಚೇತನ ಎರಡೂ ನಿಜವಾಗಿ ಕೂಡುವುದು ಅಲ್ಲೇ: ವೃದ್ಧರು, ಕಾರ್ಖಾನೆ ಕಾರ್ಮಿಕರು, ಹೆರಿಗೆಯಾದವರು, ಮನೆಯೊಳಗೇ ಉಳಿದ ಪಾರ್ಶ್ವವಾಯು ರೋಗಿಗಳು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಐ.ಸಿ.ಎಫ್. ಚೌಕಟ್ಟು ಕೇಳುವುದೂ ಇದನ್ನೇ. ದೇಹದ ಕೆಲಸ ಹೇಗಿದೆ, ವ್ಯಕ್ತಿ ಏನು ಮಾಡಬಲ್ಲ, ಬದುಕಿನಲ್ಲಿ ಎಲ್ಲಿ ಪಾಲ್ಗೊಳ್ಳುತ್ತಾನೆ, ಸುತ್ತಲಿನ ಪರಿಸರ ಅಡ್ಡವೋ ಆಸರೆಯೋ. ಅಂಧೇರಿಯ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ದಿನವಿಡೀ ನಿಲ್ಲುವವನ ಮೊಣಕಾಲು 120 ಡಿಗ್ರಿ ಮಡಚುತ್ತದೆ ಎಂದು ಬರೆದರೆ ಮೊದಲ ಪ್ರಶ್ನೆ ಮುಗಿಯಿತು. ಚಾಳಿನ ಸಾಮಾನ್ಯ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರಬಲ್ಲನೇ, ರೈಲ್ವೆ ಸೇತುವೆ ಹತ್ತಿ ಇಳಿಯಬಲ್ಲನೇ, ಲೋಕಲ್ ನಿಲ್ಲುವ ಅರ್ಧ ನಿಮಿಷದಲ್ಲಿ ಕಂಬ ಹಿಡಿದು ಒಳಗೆ ಹೋಗಬಲ್ಲನೇ, ಉಳಿದ ಪ್ರಶ್ನೆಗಳು ಇವು.

ಹೊರದೇಶದ ಪ್ರಶ್ನಾವಳಿಗಳು ಇಲ್ಲಿ ಕೈಕೊಡುತ್ತವೆ. ಮೊಣಕಾಲು ಸವೆತಕ್ಕೆ ಬಳಸುವ ವೊಮ್ಯಾಕ್ ಪಟ್ಟಿ ಬಾತ್‌ಟಬ್ಬಿಗೆ ಇಳಿಯುವ, ಏಳುವ ಕಷ್ಟ ಕೇಳುತ್ತದೆ; ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದನ್ನು ಕೇಳುವುದಿಲ್ಲ. ರೋಗಿ ‘ಆ ಕಷ್ಟ ಇಲ್ಲ’ ಎಂದಾಗ ಸೊನ್ನೆ ಬೀಳುತ್ತದೆ. ಆ ಸೊನ್ನೆಗೆ ಅರ್ಥವಿಲ್ಲ. ಭಾಷೆಯ ತೊಡಕು ಬೇರೆ. ‘ಜುಮ್ಮುಜುಮ್ಮು’, ‘ಸೆಳೆತ’, ‘ಹಿಡಿದುಕೊಂಡಿದೆ’, ‘ಬಲ ಇಲ್ಲ’ ಈ ನಾಲ್ಕೂ ಕೇಸ್ ಪೇಪರಿನಲ್ಲಿ ‘ನೋವು’ ಎಂಬ ಒಂದೇ ಪದವಾಗಿ ಇಳಿದರೆ ನರದ ತೊಂದರೆ, ಸ್ನಾಯುವಿನ ತೊಂದರೆ ಬೆರೆತುಹೋಗುತ್ತವೆ. ಮರಾಠಿ ಮಾತ್ರ ಬಲ್ಲ ಸಹಪಾಠಿಗೆ ಇದನ್ನು ಬಿಡಿಸಿ ಹೇಳಬಲ್ಲ ಕನ್ನಡಿಗ ವಿದ್ಯಾರ್ಥಿ ವಿಭಾಗಕ್ಕೆ ಆಸ್ತಿ.

ವ್ಯಾಯಾಮವೂ ಔಷಧದಂತೆ ಪ್ರಮಾಣ ಕೇಳುತ್ತದೆ. ‘ದಿನಾ ವಾಕಿಂಗ್ ಮಾಡಿ’ ಎಂಬುದು ಚೀಟಿಯಲ್ಲ. ಎಷ್ಟು ಸಲ, ಎಷ್ಟು ತೀವ್ರ, ಎಷ್ಟು ಹೊತ್ತು, ಯಾವ ಬಗೆ ಎಂಬ ನಾಲ್ಕೂ ಇರಬೇಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ 220ರಿಂದ ವಯಸ್ಸು ಕಳೆದು ನಾಡಿಯ ಗುರಿ ಕೊಟ್ಟರೆ ಅವರು ಅಲ್ಲಿಗೆ ಮುಟ್ಟುವುದೇ ಇಲ್ಲ. ಮುಟ್ಟಿಸಲು ಹೋಗಿ ಸುಸ್ತು ಮಾಡುತ್ತೇವೆ. ಅವರಿಗೆ ಎಷ್ಟು ಶ್ರಮ ಅನ್ನಿಸುತ್ತದೆ ಎಂದು ಅವರನ್ನೇ ಕೇಳಿ ಅಂಕ ಹಾಕುವ 6ರಿಂದ 20ರ ಬೋರ್ಗ್ ಮಾಪಕ ಸರಿ. ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ವ್ಯಾಯಾಮಕ್ಕೆ ಮೊದಲು 90ಕ್ಕಿಂತ ಕಡಿಮೆ ಇದ್ದರೆ ಮೊದಲು ಏನಾದರೂ ತಿನ್ನಿಸಬೇಕು. ಬೆನ್ನುಮೂಳೆ ಸವೆದು ಬಿರುಕು ಬಿಟ್ಟವರಿಗೆ ಪಶ್ಚಿಮೋತ್ತಾನಾಸನ, ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನ ಬೇಡವೇ ಬೇಡ. ಗೋವಾದ ರೆಸಾರ್ಟುಗಳಲ್ಲಿ ವೆಲ್‌ನೆಸ್ ಸಲಹೆಗಾರರಾಗಿ ಸೇರುವವರು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಅತಿಥಿಯ ಮಾತ್ರೆಗಳ ಪಟ್ಟಿ ನೋಡದೆ ಬೆಳಿಗ್ಗೆಯ ಯೋಗಕ್ಕೆ ಸೇರಿಸುವುದು ಅಲ್ಲಿ ವಾಡಿಕೆ, ಕರಾರಿನಲ್ಲಿ ತಪಾಸಣೆಗೆ ಸಮಯವೇ ಬರೆದಿರುವುದಿಲ್ಲ. ಬರೆಸಿಕೊಳ್ಳಿ.

ಪುಣೆಯಲ್ಲಿ ಓದುವವರು ಸಾಧ್ಯವಾದರೆ ಬೆನ್ನುಹುರಿ ಗಾಯದ ರೋಗಿಗಳ ನಡುವೆ ಕೆಲವು ವಾರ ಕಳೆಯಲಿ. 1944ರಲ್ಲಿ ಶುರುವಾದ ಸೇನೆಯ ಕೃತಕ ಅಂಗ ಕೇಂದ್ರ, ಖಡಕಿಯ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಎರಡೂ ಆ ಊರಿನಲ್ಲೇ ಇವೆ. ಚರ್ಮ, ಮೂತ್ರ, ಮಲ ಈ ಮೂರನ್ನು ಕಲಿಯದೆ ಪುನಶ್ಚೇತನ ಕಲಿತಂತಲ್ಲ. ಗಾಲಿಕುರ್ಚಿಯಲ್ಲಿ ಕೂತವರಿಗೆ ಕೈಯೂರಿ ಹತ್ತು ಸೆಕೆಂಡ್ ಮೇಲೇಳಲು ಹೇಳಿಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಒತ್ತಿ ಕೂತ ಚರ್ಮಕ್ಕೆ ಆಮ್ಲಜನಕ ಮರಳಲು ಸುಮಾರು ಎರಡು ನಿಮಿಷ ಬೇಕು. ಭುಜವೂ ಅಷ್ಟು ಹೊತ್ತು ತಾಳುವುದಿಲ್ಲ. ಮೇಜಿನ ಮೇಲೆ ಮುಂದಕ್ಕೆ ಬಾಗಿ ಎರಡು ನಿಮಿಷ ಇರುವುದು ಸುಲಭ, ಫಲವೂ ಹೆಚ್ಚು.

ಇನ್ನು ಪ್ರಬಂಧ. ಎರಡು ವರ್ಷದ ಕೋರ್ಸಿನಲ್ಲಿ ಮೊದಲ ಆರು ತಿಂಗಳು ಸಿನಾಪ್ಸಿಸ್ (ಅಧ್ಯಯನದ ರೂಪರೇಷೆ) ಮತ್ತು ನೀತಿ ಸಮಿತಿಗೇ ಹೋಗುತ್ತದೆ. ಚಿಕಿತ್ಸೆ ಕೊಟ್ಟು ನೋಡುವ ಅಧ್ಯಯನವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಅದು ಆಗಲೇ ಶುರುವಾದ ಅಧ್ಯಯನಗಳನ್ನು ಒಪ್ಪುವುದಿಲ್ಲ. ರೋಗಿಗಳ ಸಂಖ್ಯೆಯಲ್ಲಿ ಒಂದು ಹಳೆಯ ತಪ್ಪು ಪ್ರತಿ ವರ್ಷ ಮರುಕಳಿಸುತ್ತದೆ. 60 ಮಂದಿ ಬೇಕು, ಶೇ. 20 ಮಂದಿ ಬಿಟ್ಟುಹೋಗಬಹುದು ಎಂದರೆ 60ಕ್ಕೆ 12 ಕೂಡಿಸಿ 72 ಎನ್ನುತ್ತಾರೆ. 72ರಲ್ಲಿ ಐದನೇ ಒಂದು ಪಾಲು ಹೋದರೆ 58ಕ್ಕಿಂತ ಹೆಚ್ಚು ಉಳಿಯುವುದಿಲ್ಲ. 60ನ್ನು 0.8ರಿಂದ ಭಾಗಿಸಿ 75 ಮಂದಿಯನ್ನು ಸೇರಿಸಿಕೊಳ್ಳಬೇಕು.

ಬಿಟ್ಟುಹೋಗುವುದಕ್ಕೂ ಇಲ್ಲಿ ಋತುವಿದೆ. ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಬಿದ್ದರೆ ಡೊಂಬಿವಲಿ, ಥಾಣೆಯ ನಮ್ಮವರು ಊರಿಗೆ ಹೊರಡುತ್ತಾರೆ. ಮದುವೆ, ಕೋಲ, ಹಲಸಿನಹಣ್ಣು ಮುಗಿಯದೆ ಹಿಂದಿರುಗುವವರಲ್ಲ. ಎಂಟು ವಾರದ ಕಾರ್ಯಕ್ರಮವಾದರೆ ಮಾರ್ಚ್ ಮೊದಲ ವಾರಕ್ಕೆ ಹೊಸ ಹೆಸರು ಬರೆದುಕೊಳ್ಳುವುದನ್ನು ನಿಲ್ಲಿಸಿ, ಜೂನ್ ನಡುವೆ ಶಾಲೆ ತೆರೆದ ಮೇಲೆ ಮತ್ತೆ ಶುರುಮಾಡಿ. ಆಗ ಮಳೆ ಹಿಡಿದಿರುತ್ತದೆ. ಹಳಿ ಮೇಲೆ ನೀರು ನಿಂತು ಲೋಕಲ್ ತಪ್ಪುವ ದಿನಗಳಿಗಾಗಿ, ಅಳತೆಯನ್ನು ನಿಗದಿತ ದಿನಕ್ಕೆ ಮೂರು ದಿನ ಹಿಂದೆ ಮುಂದೆ ಮಾಡಬಹುದೆಂದು ಸಿನಾಪ್ಸಿಸ್‌ನಲ್ಲೇ ಬರೆದು ನೀತಿ ಸಮಿತಿಯ ಒಪ್ಪಿಗೆ ಪಡೆದಿಟ್ಟುಕೊಳ್ಳಿ.