ಎರಡು ತಿಂಗಳಿಗೆ ಮಾಯವಾಗುವ ನಡಿಗೆ

ಗೋಕುಲಾಷ್ಟಮಿಯ ಸಂಜೆ ಹೊಸ್ತಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಹೆಜ್ಜೆ ಮೂಡಿಸುತ್ತಾರೆ. ಮುಷ್ಟಿ ಬಿಗಿದು, ಕಿರುಬೆರಳಿನ ಬದಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೊತ್ತಿದರೆ ಪಾದ. ಅದರ ಮೇಲೆ ಐದು ಚುಕ್ಕೆ ಇಟ್ಟರೆ ಕಾಲ್ಬೆರಳು. ಆ ಹೆಜ್ಜೆಗಳ ಪಕ್ಕದಲ್ಲಿ ಹನ್ನೊಂದು ತಿಂಗಳ ನಿಜವಾದ ಕೂಸೊಂದು ನವಿಲುಗರಿ ಸಿಕ್ಕಿಸಿಕೊಂಡು, ಮೂತಿಗೆಲ್ಲ ಬೆಣ್ಣೆ ಮೆತ್ತಿಕೊಂಡು ಕುಳಿತಿತೆಂದರೆ ನೆಂಟರ ವಿಚಾರಣೆ ಆರಂಭವಾಗುತ್ತದೆ. "ಇನ್ನೂ ನಡೆಯುವುದಿಲ್ಲವೇ?" ಎನ್ನುತ್ತಾರೆ ಸೋದರತ್ತೆ. "ನಮ್ಮವನು ಒಂಬತ್ತು ತುಂಬುವ ಹೊತ್ತಿಗೆ ಓಡುತ್ತಿದ್ದ" ಎನ್ನುತ್ತಾರೆ ಚಿಕ್ಕಮ್ಮ. ಒಬ್ಬರು ದೃಷ್ಟಿ ನಿವಾಳಿಸಲು ಉಪ್ಪು, ಮೆಣಸಿನಕಾಯಿ ಹುಡುಕಿದರೆ ಇನ್ನೊಬ್ಬರು ಮೊಬೈಲಿನಲ್ಲಿ ವಾಕರ್ ಹುಡುಕುತ್ತಾರೆ. ಉಪ್ಪು, ಮೆಣಸಿನಕಾಯಿಯಿಂದ ಕೂಸಿನ ಕಾಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ವಾಕರ್ ವಿಷಯ ಹಾಗಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ ಆಸರೆಯಿಲ್ಲದೆ ನಡೆಯಲು ಕಲಿಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿದೆ. ಚಿಕ್ಕಮ್ಮನ ಮಗನೂ ಸರಿ, ಈ ಕೂಸೂ ಸರಿ. ನೂರರಲ್ಲಿ ನಾಲ್ಕು ಮಕ್ಕಳಂತೂ ಅಂಬೆಗಾಲಿಡುವ ಹಂತವನ್ನೇ ಬಿಟ್ಟು ಮುಂದೆ ಹೋಗಿದ್ದವು.

ನನಗೆ ಕುತೂಹಲ ಇರುವುದು ಇದಕ್ಕಿಂತ ಹಿಂದಿನ ಒಂದು ಸಂಗತಿಯಲ್ಲಿ. ಹುಟ್ಟಿ ಕೆಲವೇ ದಿನಗಳಾದ ಶಿಶುವಿನ ಕಂಕುಳಿಗೆ ಕೈ ಕೊಟ್ಟು ನೆಟ್ಟಗೆ ಹಿಡಿದು, ಅಂಗಾಲು ಮೇಜಿಗೆ ತಾಗುವಂತೆ ಇಳಿಸಿದರೆ ಅದು ಹೆಜ್ಜೆ ಹಾಕುತ್ತದೆ! ಒಂದು ಮಂಡಿ ಮೇಲೆದ್ದು ಕಾಲು ಮುಂದೆ ಬರುತ್ತದೆ, ಅದು ಊರಿದ ಮೇಲೆ ಇನ್ನೊಂದು. ಕತ್ತು ನಿಲ್ಲದ ಜೀವಕ್ಕೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಬೆರಗಾಗುವಷ್ಟರಲ್ಲಿ, ಸುಮಾರು ಎರಡು ತಿಂಗಳಿಗೆ, ಅದು ಮಾಯವಾಗುತ್ತದೆ. ಮತ್ತೆ ಕಾಣಿಸಿಕೊಳ್ಳುವುದು ವರ್ಷ ತುಂಬುವ ಆಸುಪಾಸಿನಲ್ಲಿ.

ಹಳೆಯ ವಿವರಣೆ ಹೀಗಿತ್ತು: ಮಿದುಳಿನ ಮೇಲ್ಪದರ ಬೆಳೆಯುತ್ತ ಬಂದಂತೆ ಹುಟ್ಟಿನಿಂದ ತಾನಾಗಿಯೇ ಬರುವ ಈ ಪ್ರತಿವರ್ತನೆಯನ್ನು ಅದುಮಿಡುತ್ತದೆ, ಮುಂದೆ ಪಕ್ವವಾದ ಮೇಲೆ ನಡಿಗೆಯನ್ನು ತಾನೇ ಶುರು ಮಾಡಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಗುಮ್ಮಟದಂಥ ಕೋಣೆಯಲ್ಲಿ ಮಕ್ಕಳನ್ನಿಟ್ಟು ಚಲನಚಿತ್ರ ತೆಗೆದು, ಯಾವ ವಯಸ್ಸಿಗೆ ಏನು ಎಂಬ ವೇಳಾಪಟ್ಟಿ ಸಿದ್ಧಪಡಿಸಿದ್ದು ಇದೇ ನಂಬಿಕೆಯ ಕಾಲದಲ್ಲಿ. ಒಳಗೊಂದು ಗಡಿಯಾರವಿದೆ, ಅದು ಬಾರಿಸಿದಾಗ ಮಗು ಏಳುತ್ತದೆ, ಅಷ್ಟೇ. ಸೋದರತ್ತೆಯ ಪ್ರಶ್ನೆಯ ಹಿಂದೆಯೂ ಇದೇ ಗಡಿಯಾರ ಟಿಕ್ ಟಿಕ್ ಎನ್ನುತ್ತಿರುತ್ತದೆ.

ಇದನ್ನು ಕೆಡವಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಸ್ತರ್ ಥೆಲೆನ್. ಆರಂಭದಲ್ಲಿ ಅವರು ಕಣಜದ ಹುಳುಗಳ ವರ್ತನೆಯನ್ನು ಅಧ್ಯಯನ ಮಾಡುತ್ತಿದ್ದವರು. ಮಕ್ಕಳ ಕಡೆಗೆ ಬಂದದ್ದು ಆಮೇಲೆ. ಬಹುಶಃ ಅದಕ್ಕೇ ಅವರು ಮಿದುಳಿನ ಬಗ್ಗೆ ಊಹೆ ಮಾಡುತ್ತ ಕೂರಲಿಲ್ಲ, ಕಾಲು ನೋಡಿದರು. ನೆಟ್ಟಗೆ ಹಿಡಿದಾಗ ಹೆಜ್ಜೆ ಹಾಕದ ಶಿಶು ಅಂಗಾತ ಮಲಗಿಸಿದರೆ ಕಾಲು ಒದೆಯುತ್ತಲೇ ಇರುತ್ತದಲ್ಲ? ಆ ಒದೆತದ ಚಲನೆಯನ್ನು ಅಳೆದು ನೋಡಿದರೆ ಅದು ಹೆಜ್ಜೆಯ ಚಲನೆಯೇ. ಮಿದುಳು ನಡಿಗೆಯನ್ನು ಅದುಮಿಟ್ಟಿದ್ದರೆ, ಮಲಗಿದ ತಕ್ಷಣ ಅದನ್ನು ಬಿಟ್ಟುಕೊಡುವುದೇಕೆ? ಉತ್ತರ ಸರಳವಾಗಿತ್ತು. ಮೊದಲ ತಿಂಗಳುಗಳಲ್ಲಿ ಮಗುವಿನ ತೊಡೆಗೆ ಕೊಬ್ಬು ತುಂಬುವ ವೇಗಕ್ಕೆ ಸ್ನಾಯುವಿನ ಬಲ ಸಾಟಿಯಾಗುವುದಿಲ್ಲ. ನಿಂತ ಭಂಗಿಯಲ್ಲಿ ಕಾಲೆತ್ತುವುದೆಂದರೆ ಅದಕ್ಕೆ ಒದ್ದೆ ಗೋಣಿಚೀಲ ಕಟ್ಟಿಕೊಂಡು ಮೆಟ್ಟಿಲು ಹತ್ತಿದಂತೆ.

1984ರಲ್ಲಿ ಥೆಲೆನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ ರೀತಿ ನನಗೆ ಬಲು ಇಷ್ಟ. ಇನ್ನೂ ಹೆಜ್ಜೆ ಹಾಕುತ್ತಿದ್ದ ಎಳೆಯ ಶಿಶುಗಳ ಕಾಲಿಗೆ ಚಿಕ್ಕ ತೂಕ ಕಟ್ಟಿದರು, ಹೆಜ್ಜೆ ಕಡಿಮೆಯಾಯಿತು. ಬಳಿಕ ಶಿಶುಗಳನ್ನು ಎದೆಮಟ್ಟದ ಬೆಚ್ಚನೆಯ ನೀರಿಗಿಳಿಸಿದರು. ನೀರು ಭಾರ ಹೊತ್ತಿತು, ಹೆಜ್ಜೆ ಹೆಚ್ಚಿತು. ಎರಡೇ ವರ್ಷಗಳ ನಂತರ ಏಳು ತಿಂಗಳ ಮಕ್ಕಳನ್ನು ನಿಧಾನವಾಗಿ ಚಲಿಸುವ ಟ್ರೆಡ್‌ಮಿಲ್ ಪಟ್ಟಿಯ ಮೇಲೆ ಎತ್ತಿ ಹಿಡಿದರು. ಪಟ್ಟಿ ಕಾಲನ್ನು ಹಿಂದಕ್ಕೆಳೆದ ಕೂಡಲೇ, ಸ್ವಂತವಾಗಿ ನಿಲ್ಲಲಾರದ ಮಕ್ಕಳು ಒಂದಾದ ಮೇಲೊಂದು ಹೆಜ್ಜೆ ಎತ್ತಿಡತೊಡಗಿದವು. ಅಂದರೆ ನಡಿಗೆ ಮಿದುಳಿನಲ್ಲಿ ಕಾದು ಕುಳಿತ ಒಂದೇ ಒಂದು ಗುಂಡಿಯಲ್ಲ. ತೂಕ, ಬಲ, ಸಮತೋಲ, ನೆಲ, ಆಸೆ ಎಲ್ಲ ಕೂಡಿ ಬಂದಾಗ ಅದು ಒದಗುತ್ತದೆ. ಮಕ್ಕಳಲ್ಲಿ ಈ ಸಾಮಗ್ರಿ ಕೂಡುವ ಹೊತ್ತು ಬೇರೆ ಬೇರೆ.

ಹಾಗಾದರೆ ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಕೈ ಹಿಡಿದು ನಿಲ್ಲಿಸುವುದೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಕೀನ್ಯಾದ ಕಿಪ್ಸಿಗಿಸ್ ಸಮುದಾಯದ ತಾಯಂದಿರು ಮಕ್ಕಳಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಕಲಿಸುತ್ತಾರೆ. ಅಲ್ಲಿನ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂರುತ್ತಾರೆ, ನಡೆಯುತ್ತಾರೆ ಎಂದು ಸಂಶೋಧಕ ಚಾರ್ಲ್ಸ್ ಸೂಪರ್ 1976ರಲ್ಲೇ ಬರೆದರು. ಅಭ್ಯಾಸಕ್ಕೆ ಬೆಲೆ ಇದೆ. ಇನ್ನೊಂದು ಮಾತನ್ನೂ ಹೇಳಬೇಕು. ಮಗು ಮೊದಲ ಬಾರಿ ಹೊಸ್ತಿಲು ದಾಟಿದಾಗ ಅರಿಶಿನ, ಕುಂಕುಮವಿಟ್ಟು ಸಿಹಿ ಹಂಚುವ ರೂಢಿ ನಮ್ಮ ಹಲವು ಮನೆಗಳಲ್ಲಿದೆ. ತೆಲುಗು ಮನೆಗಳಲ್ಲಿ ಬೋರಲು ಬಿದ್ದರೆ ಬೊಬ್ಬಟ್ಟು, ಹೆಜ್ಜೆಯಿಟ್ಟರೆ ಅರಿಸೆ. ಗಮನಿಸಿ, ಇವಕ್ಕೆ ತಿಥಿ ನಿಗದಿಯಿಲ್ಲ, ಇಷ್ಟನೇ ತಿಂಗಳೆಂಬ ಗಡುವಿಲ್ಲ. ಮಗು ಮಾಡಿದ ದಿನವೇ ಹಬ್ಬ. ಗೆಸೆಲ್ ವೇಳಾಪಟ್ಟಿಗಿಂತ ಇದು ಜಾಣತನದ್ದು ಎನ್ನಲು ನನಗೆ ಸಂಕೋಚವಿಲ್ಲ.

ಈಗ ವಾಕರ್. ಸೀಟಿನಲ್ಲಿ ಕೂರಿಸುವ ಈ ಗಾಡಿಯಲ್ಲಿ ಮಗುವಿನ ಭಾರವನ್ನು ಬಟ್ಟೆ ಹೊರುತ್ತದೆ. ಮುಂದಿನ ತಟ್ಟೆ ಕಾಲನ್ನೇ ಮರೆಮಾಡುತ್ತದೆ. ಮಗು ತುದಿಬೆರಳಿನಿಂದ ನೆಲ ಒದ್ದು ತೇಲುತ್ತದೆ. ಸಮತೋಲ ಕಲಿಯಲು ಅಲ್ಲಿ ಏನೂ ಇಲ್ಲ, ಮೆಟ್ಟಿಲಿನಿಂದ ಉರುಳಲು ಮಾತ್ರ ಬೇಕಾದಷ್ಟಿದೆ. ಕೆನಡಾ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು. ಇದಕ್ಕೆ ಹೋಲಿಸಿದರೆ ನಮ್ಮ ಮರದ ಮೂರು ಚಕ್ರದ ತಳ್ಳುಗಾಡಿ ಎಷ್ಟೋ ಮೇಲು, ಅದರ ಹಿಂದೆ ಮಗು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಅಂಥ ಮರದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣದ ಪಕ್ಕದಲ್ಲೇ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿದ್ದಾನೆ. ನೂರಾರು ವರ್ಷಗಳಿಂದ ಎದ್ದು ನಡೆಯದ ಆ ಕೂಸನ್ನು ಯಾವ ನೆಂಟರೂ ವಿಚಾರಿಸಿದಂತಿಲ್ಲ.

ಬೀಳುವುದಕ್ಕೂ ಹೆದರಬೇಕಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ತಂಡ 12ರಿಂದ 19 ತಿಂಗಳ ಮಕ್ಕಳ ಆಟವನ್ನು ವೀಡಿಯೊ ಮಾಡಿ 2012ರಲ್ಲಿ ಲೆಕ್ಕ ಕೊಟ್ಟಿತು: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬಾರಿ ಬೀಳುವುದು. ಅದೇ ವರ್ಷ ಅವರ ಇನ್ನೊಂದು ಅಧ್ಯಯನ, ಮಗು ಡಯಾಪರ್ ಇಲ್ಲದೆ ನಡೆಯುವುದಕ್ಕಿಂತ ಡಯಾಪರ್ ಕಟ್ಟಿಕೊಂಡಾಗ ಹೆಚ್ಚು ಎಡವುತ್ತದೆ ಎಂದು ತೋರಿಸಿತು. ದಪ್ಪ ಬಟ್ಟೆಯದಾದರೆ ಇನ್ನೂ ಕಷ್ಟ. ಜರಿಪಂಚೆ, ಸೊಂಟದ ಡಾಬು, ಕೈಯಲ್ಲಿ ಕೊಳಲು ಹಿಡಿಸಿ ಫೋಟೊಗಾಗಿ ನಡೆಸಲು ಹೊರಟವರು ಇದನ್ನು ಓದಿಕೊಳ್ಳಲಿ.

ಹದಿನೆಂಟು ತಿಂಗಳು ತುಂಬಿದರೂ ಸ್ವಂತವಾಗಿ ನಡೆಯದಿದ್ದರೆ, ಒಂದೇ ಬದಿಯ ಕೈಕಾಲು ಬಳಸುತ್ತಿದ್ದರೆ ಅಥವಾ ಕಲಿತದ್ದನ್ನು ಮರೆಯುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು, ಹಬ್ಬ ಮುಗಿಯಲಿ ಎಂದು ಕಾಯದೆ.