ಮೊದಲ ಸಪ್ರೆಸರ್ ಯಾವ ಬಂದೂಕಿಗೆ? ಸದ್ದಿನ ಲೆಕ್ಕದಿಂದ ಶುರು ಮಾಡೋಣ

ಹೋದ ಚಳಿಗಾಲ ಟೆಕ್ಸಾಸ್‌ನ ಒಂದು ಶೂಟಿಂಗ್ ರೇಂಜ್‌ನಲ್ಲಿದ್ದೆ. ಪಕ್ಕದ ಬೆಂಚಿನಲ್ಲಿ ಕೊಡಗಿನ ಹಿರಿಯರೊಬ್ಬರು ಕೂತಿದ್ದರು. ಊರಲ್ಲಿ ಕೋವಿ ನೋಡುತ್ತಲೇ ಬೆಳೆದವರು. ಕೈಯಲ್ಲಿ .22 ಬೋಲ್ಟ್ ಆಕ್ಷನ್ ರೈಫಲ್ (.22 ಅಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ಅಳತೆ), ನಳಿಗೆಯ ತುದಿಗೆ ಗೇಣುದ್ದಕ್ಕಿಂತ ಚಿಕ್ಕ ಕಪ್ಪು ಕೊಳವೆ, ಅಂದರೆ ಸದ್ದು ತಗ್ಗಿಸುವ ಸಪ್ರೆಸರ್. ಟ್ರಿಗರ್ ಎಳೆದರು. ಒಂದು ಸಣ್ಣ ಟಿಕ್. ಕಾಲು ಸೆಕೆಂಡ್ ಆದಮೇಲೆ ಐವತ್ತು ಗಜ ಆಚೆಯ ಮಣ್ಣಿನ ದಿಬ್ಬದಿಂದ ಥಪ್ ಅಂತ ಗುಂಡು ಬಡಿದ ಸದ್ದು ಬಂತು.

"ಇಷ್ಟೇನಾ ಅಂಕಲ್?" ಅಂದೆ.

"ಇಷ್ಟೇ ಕಣಪ್ಪ. ತಾಳು, ಇನ್ನೊಂದು ಕೇಳು" ಅಂದವರು ಎಆರ್-15 ರೈಫಲ್ ತೆಗೆದರು. ಅದಕ್ಕೆ ಇನ್ನೂ ದಪ್ಪನೆಯ, ದುಬಾರಿ ಸಪ್ರೆಸರ್. ಹೊಡೆದರೆ ಚಾಟಿ ಬೀಸಿದ ಹಾಗೆ ಚಟೀರ್ ಅಂತು. ಇಯರ್‌ಮಫ್ ಹಾಕಿಕೊಂಡಿದ್ದರೂ ಬೆಚ್ಚಿಬಿದ್ದೆ.

ಜಾಸ್ತಿ ದುಡ್ಡಿನ ಸಪ್ರೆಸರ್‌ನಿಂದ ಜಾಸ್ತಿ ಸದ್ದು ಯಾಕೆ? ಈ ಟಿಪ್ಪಣಿ ಶುರುವಾಗಿದ್ದು ಆ ಪ್ರಶ್ನೆಯಿಂದ. ಸಪ್ರೆಸರ್ ಕೊಳ್ಳುವವರೆಲ್ಲ ಕೊಳವೆಯ ಬಗ್ಗೆ ಓದುತ್ತಾರೆ, ಯಾವ ಲೋಹ, ಎಷ್ಟು ಉದ್ದ ಅಂತ. ಆದರೆ ಎಷ್ಟು ಮೌನ ಸಿಗುತ್ತದೆ ಅನ್ನೋದು ಕೊಳವೆಗಿಂತ ಅದನ್ನು ಹೊರುವ ಬಂದೂಕಿನ ಮೇಲೆಯೇ ಹೆಚ್ಚು ನಿಂತಿದೆ.

ಸದ್ದು ಬರೋದು ಎಲ್ಲಿಂದ

ಒಂದು ಗುಂಡು ಹಾರಿದಾಗ ಮೂರು ಕಡೆಯಿಂದ ಸದ್ದು ಹುಟ್ಟುತ್ತದೆ. ಮೊದಲನೆಯದು ನಳಿಗೆಯ ಬಾಯಿಂದ ನುಗ್ಗುವ ಬಿಸಿ ಗಾಳಿಯದು. ಎರಡನೆಯದು ಗುಂಡು ಶಬ್ದಕ್ಕಿಂತ ವೇಗವಾಗಿ ಹೋದಾಗ ಆಗುವ ಸಿಡಿತ. ಮೂರನೆಯದು ಬಂದೂಕಿನ ಒಳಗಿನ ಲೋಹದ ಬಡಿತ.

ಸಪ್ರೆಸರ್‌ಗೆ ಸಿಗೋದು ಮೊದಲನೆಯದು ಮಾತ್ರ. ಇದನ್ನು ಸರಿಯಾಗಿ ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬೈಕಿನ ಸೈಲೆನ್ಸರ್ ಕಳಚಿದವರನ್ನು ನಮ್ಮ ಬೀದಿಗಳಲ್ಲಿ ನೋಡಿದ್ದೀವಲ್ಲ, ಇಲ್ಲೂ ತತ್ವ ಅದೇ. ಒತ್ತಡದ ಗಾಳಿ ಒಂದೇ ಸಲ ಹೊರಗೆ ಬಂದರೆ ಸ್ಫೋಟದ ಸದ್ದು. ಒಂದಾದಮೇಲೆ ಒಂದು ಕೋಣೆಯಲ್ಲಿ ಹಿಗ್ಗಿ, ತಣ್ಣಗಾಗಿ, ನಿಧಾನವಾಗಿ ಬಂದರೆ ಬರೀ ಉಸಿರು. ಕೋಣೆಗಳ ನಡುವಿನ ತಡೆಬಿಲ್ಲೆಗಳಿಗೆ ಬ್ಯಾಫಲ್ ಅನ್ನುತ್ತಾರೆ. 1909ರಲ್ಲಿ ಬಂದೂಕಿನ ಸೈಲೆನ್ಸರ್‌ಗೆ (ಸಪ್ರೆಸರ್‌ನ ಇನ್ನೊಂದು ಹೆಸರು) ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನ್‌ಗಳ ಸದ್ದು ತಗ್ಗಿಸುವ ಕೆಲಸವನ್ನೂ ಮಾಡಿದವರು. ಅವರ ತಂದೆ ಮ್ಯಾಕ್ಸಿಮ್ ಮಷಿನ್‌ಗನ್ ಕಂಡುಹಿಡಿದವರು. ಅಪ್ಪ ಆ ಗದ್ದಲದ ಯಂತ್ರ ಮಾಡಿದರು, ಮಗ ಸದ್ದು ಇಳಿಸಲು ಕೂತರು. ನನಗೆ ಈ ವಿಷಯ ತುಂಬಾ ಇಷ್ಟ.

ಈಗ ಗಾಳಿಯ ಲೆಕ್ಕ. .22 ತೋಟೆಯಲ್ಲಿ ಇರುವ ಮದ್ದು ಸುಮಾರು 2 ಗ್ರೇನ್, ಅಂದರೆ 0.13 ಗ್ರಾಂ. ಒಂದು ಚಿಟಿಕೆಯೂ ಅಲ್ಲ. ಎಆರ್-15ರ ತೋಟೆಯಲ್ಲಿ ಸುಮಾರು 25 ಗ್ರೇನ್. ಇನ್ನೂ ದೊಡ್ಡದಾದ .308 ತೋಟೆಯಲ್ಲಿ 40 ದಾಟುತ್ತದೆ. ಜೊತೆಗೆ .22ರ ಮದ್ದು 16 ಇಂಚಿನ ನಳಿಗೆಯೊಳಗೇ ಪೂರ್ತಿ ಉರಿದು ಮುಗಿದಿರುತ್ತದೆ. ಗುಂಡು ಬಾಯಿ ದಾಟುವಾಗ ಹಿಂದೆ ಉಳಿದಿರುವ ಒತ್ತಡ ಅಲ್ಪ. ಸಪ್ರೆಸರ್‌ಗೆ ಕೆಲಸವೇ ಕಡಿಮೆ.

ಡೆಸಿಬೆಲ್‌ನಲ್ಲಿ ಹೇಳಬೇಕೆಂದರೆ, ಬರಿ .22 ರೈಫಲ್ ಸುಮಾರು 140, ಸಪ್ರೆಸರ್ ಹಾಕಿದರೆ 115ರ ಆಸುಪಾಸು. ಎಆರ್-15 ಸುಮಾರು 165, ಹಾಕಿದರೆ 135ರ ಆಸುಪಾಸು. ಅಂದರೆ ಸಪ್ರೆಸರ್ ಹಾಕಿದ ಎಆರ್ ಸದ್ದು ಸಪ್ರೆಸರ್ ಇಲ್ಲದ .22ರ ಹತ್ತಿರ ಬಂದು ನಿಲ್ಲುತ್ತದೆ, ಅಷ್ಟೇ. ಡೆಸಿಬೆಲ್ ಸಾಮಾನ್ಯ ಕೂಡು-ಕಳೆ ಲೆಕ್ಕ ಅಲ್ಲ ಅನ್ನೋದು ನೆನಪಿರಲಿ. 30 ಡೆಸಿಬೆಲ್ ಇಳಿಯಿತು ಅಂದರೆ ಸದ್ದಿನ ಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಿತು ಅಂತ.

ಅಮೆರಿಕದ ಕೆಲಸದ ಜಾಗಗಳ ನಿಯಮದಲ್ಲಿ ಹಠಾತ್ ಸದ್ದಿಗೆ ಹಾಕಿರುವ ಗೆರೆ 140 ಡೆಸಿಬೆಲ್. ಅದರ ಕೆಳಗೆ ಬಂದರೆ ಕಿವಿಗೆ ಏನೂ ಆಗಲ್ಲ ಅಂತ ಅರ್ಥವಲ್ಲ. ಬಲಗೈಯವರು ರೈಫಲ್ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ ಇರುತ್ತದೆ, ಬಲಗಿವಿಗೆ ತಲೆಯೇ ಅಡ್ಡ. ಮೊದಲ ವರ್ಷ ಇಯರ್‌ಮಫ್ ಸರಿಯಾಗಿ ಕೂರಿಸದೆ ಹೊಡೆದೆ. ರಾತ್ರಿ ಮನೆ ಸ್ತಬ್ಧವಾದಾಗ ನನ್ನ ಎಡಗಿವಿ ಇವತ್ತಿಗೂ ಗುಂಯ್ ಅನ್ನುತ್ತದೆ. ಅದು ಹೋಗುವಂಥದ್ದಲ್ಲ. ನಾನು ಈ ವಿಷಯದ ಬೆನ್ನು ಹತ್ತಿದ್ದು ಅದಕ್ಕೇ. ಸಪ್ರೆಸರ್ ಇದ್ದರೂ ಮಫ್ ಹಾಕಿ, ಅದರಲ್ಲೂ ಪಕ್ಕದವರು ಹೊಡೆಯುತ್ತಿದ್ದರೆ.

ಗುಂಡಿನ ವೇಗ

ಎರಡನೆಯ ಸದ್ದಿಗೆ ಬರೋಣ. 20 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಬಂದೂಕಿನವರ ಲೆಕ್ಕದಲ್ಲಿ ಸುಮಾರು 1,125 ಅಡಿ. ಗುಂಡು ಇದನ್ನು ದಾಟಿದರೆ ಹೋದ ದಾರಿಯುದ್ದಕ್ಕೂ ಚಾಟಿ ಸದ್ದು. ಅದು ನಳಿಗೆಯಲ್ಲಿ ಹುಟ್ಟುವುದಲ್ಲ, ಗಾಳಿಯಲ್ಲಿ ಹುಟ್ಟುವುದು. ಯಾವ ಕೊಳವೆಯೂ ಅದನ್ನು ಹಿಡಿಯಲಾರದು. ಎಆರ್-15ರ ಗುಂಡು ಸೆಕೆಂಡಿಗೆ 3,000 ಅಡಿ ಆಸುಪಾಸಿನಲ್ಲಿ ಹೋಗುತ್ತದೆ. ಅವತ್ತು ನನಗೆ ಕೇಳಿಸಿದ ಚಟೀರ್ ಬಹುಪಾಲು ಅದೇ.

.22ರಲ್ಲಿ ಆಯ್ಕೆ ನಮ್ಮ ಕೈಯಲ್ಲಿದೆ. ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆಯ 40 ಗ್ರೇನ್ ಗುಂಡಿನ ವೇಗ 1,070 ಅಡಿ. ಶಬ್ದಕ್ಕಿಂತ ಕಡಿಮೆ. ಅದೇ ಕಂಪನಿಯ ಮಿನಿ-ಮ್ಯಾಗ್ 1,235 ಅಡಿ. ಪೆಟ್ಟಿಗೆ ಬದಲಿಸಿದರೆ ಸಾಕು, ಅದೇ ರೈಫಲ್, ಅದೇ ಸಪ್ರೆಸರ್, ಒಂದರಲ್ಲಿ ಮೌನ, ಇನ್ನೊಂದರಲ್ಲಿ ಸಿಡಿತ. ಕಲಿಯುವವರು ಇದನ್ನು ಒಮ್ಮೆ ಒಟ್ಟೊಟ್ಟಿಗೆ ಕೇಳಬೇಕು. ಎಷ್ಟು ಓದಿದರೂ ಬಾರದ ತಿಳಿವಳಿಕೆ ಐದು ನಿಮಿಷದಲ್ಲಿ ಬರುತ್ತದೆ.

ಚಳಿ ಜಾಸ್ತಿ ಇರುವ ಕಡೆಯವರು ಇನ್ನೊಂದು ಗಮನಿಸಿ. ಹವೆ ತಣ್ಣಗಾದಷ್ಟೂ ಶಬ್ದದ ವೇಗ ಇಳಿಯುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದು ಸುಮಾರು 1,087 ಅಡಿ. ಬೇಸಿಗೆಯಲ್ಲಿ ಸುಮ್ನೆ ಹೋಗುತ್ತಿದ್ದ 1,070ರ ಗುಂಡುಗಳಲ್ಲಿ ಒಂದೆರಡು ಜನವರಿಯಲ್ಲಿ ಚಟಕ್ ಅನ್ನಬಹುದು. ಸಪ್ರೆಸರ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಲೋಹದ ಬಡಿತ

ಎಆರ್-15ರಂಥ ಸೆಮಿ ಆಟೊಮ್ಯಾಟಿಕ್‌ನಲ್ಲಿ ಪ್ರತಿ ಗುಂಡಿಗೂ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಲೋಹದ ತುಂಡು, ತಾನಾಗಿ ಹಿಂದಕ್ಕೆ ಬಂದು ಮುಂದಕ್ಕೆ ಬಡಿಯುತ್ತದೆ. ಅದು ತೆರೆದಾಗ ಒಂದಿಷ್ಟು ಗಾಳಿ ಮುಖದ ಕಡೆಗೇ ಬರುತ್ತದೆ. ಸಪ್ರೆಸರ್ ಹಾಕಿದ ಮೇಲೆ ಇದು ಹೆಚ್ಚುತ್ತದೆ, ಯಾಕೆಂದರೆ ಒಳಗಿನ ಒತ್ತಡ ಹೊರಗೆ ಹೋಗಲು ತಡವಾಗುತ್ತದೆ. ಎಆರ್-15ರಲ್ಲಂತೂ ಕಣ್ಣು ಉರಿಯುವಷ್ಟು ಹೊಗೆ. ಗ್ಯಾಸ್ ಹೊಂದಿಸಬೇಕು, ಬೋಲ್ಟ್‌ನ ಹಿನ್ನೂಕು ತಡೆಯುವ ಬಫರ್ ಬದಲಿಸಬೇಕು, ಒಂದಲ್ಲ ಒಂದು ರಗಳೆ. ಬೋಲ್ಟ್ ಆಕ್ಷನ್‌ನಲ್ಲಿ ಹಾಗಲ್ಲ. ನೀವು ಕೈಯಿಂದ ಎತ್ತುವವರೆಗೆ ಅದು ಮುಚ್ಚಿಕೊಂಡೇ ಇರುತ್ತದೆ.

ಹಾಗಾಗಿ ನನ್ನ ಉತ್ತರ ಇದು: ಮೊದಲ ಸಪ್ರೆಸರ್‌ಗೆ .22 ಬೋಲ್ಟ್ ಆಕ್ಷನ್ ರೈಫಲ್, 16ರಿಂದ 18 ಇಂಚಿನ ನಳಿಗೆ, ತುದಿಯಲ್ಲಿ ಕಾರ್ಖಾನೆಯಲ್ಲೇ ಕೊರೆದ ಥ್ರೆಡ್, ಅಂದರೆ ಸಪ್ರೆಸರ್ ತಿರುಗಿಸಿ ಕೂರಿಸುವ ತಿರುಪು ಗೆರೆ. ಸಿಝಡ್ 457, ರೂಗರ್ ಅಮೆರಿಕನ್ ರಿಮ್‌ಫೈರ್, ಸ್ಯಾವೇಜ್ ಮಾರ್ಕ್ 2, ಇವೆಲ್ಲವುಗಳಲ್ಲೂ ಥ್ರೆಡ್ ಇರುವ ಮಾದರಿ ಸಿಗುತ್ತದೆ. ಅಮೆರಿಕದ .22ಗಳಲ್ಲಿ ಆ ಥ್ರೆಡ್ ಸಾಮಾನ್ಯವಾಗಿ 1/2x28, ಅಂದರೆ ಅರ್ಧ ಇಂಚಿನ ದಪ್ಪ, ಇಂಚಿಗೆ 28 ಸುತ್ತು. ನಳಿಗೆ 16 ಇಂಚಿಗಿಂತ ಗಿಡ್ಡವಾದರೆ ಅಲ್ಲಿನ ಕಾನೂನಿನಲ್ಲಿ ಅದು ಬೇರೆ ವರ್ಗ, ಬೇರೆ ನೋಂದಣಿ. ಅದಕ್ಕೇ 16.

1964ರಿಂದ ಬರುತ್ತಿರುವ ರೂಗರ್ 10/22 ಮನೆಯಲ್ಲಿ ಆಗಲೇ ಇದ್ದರೆ ಅದೂ ಒಳ್ಳೆಯದೇ. ಲೋಹದ ಬಡಿತ ಕೇಳಿಸುತ್ತದೆ, ಅಷ್ಟೇ.

ಪಿಸ್ತೂಲು ಯಾಕೆ ಬೇಡ

ಹೊಸಬರು ಹೆಚ್ಚು ಕೇಳೋದು 9 ಎಂಎಂ ಪಿಸ್ತೂಲಿನ ಬಗ್ಗೆ. ಸಿನಿಮಾದ ಪ್ರಭಾವ ಇರಬಹುದು. ಬಹುತೇಕ 9 ಎಂಎಂ ಪಿಸ್ತೂಲುಗಳಲ್ಲಿ ಪ್ರತಿ ಗುಂಡಿಗೂ ನಳಿಗೆ ಸ್ವಲ್ಪ ಹಿಂದೆ ಸರಿದು ಓರೆಯಾಗುತ್ತದೆ. ತುದಿಯಲ್ಲಿ ಭಾರ ನೇತುಬಿದ್ದರೆ ಈ ಚಲನೆ ತಡೆದುಹೋಗಿ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸ್ಪ್ರಿಂಗ್ ಇರುವ ಬೂಸ್ಟರ್ ಅಂತ ಇನ್ನೊಂದು ಭಾಗ ಬೇಕು. ಸಪ್ರೆಸರ್ ದಪ್ಪ ಇದ್ದರೆ ಗುರಿ ಕಡ್ಡಿ ಮರೆಯಾಗುತ್ತದೆ, ಎತ್ತರದ್ದು ಹಾಕಿಸಬೇಕು. ಸಾಮಾನ್ಯ 115 ಗ್ರೇನ್ ಗುಂಡು ಶಬ್ದದ ವೇಗ ದಾಟುತ್ತದೆ, 147 ಗ್ರೇನ್‌ನದು ಹುಡುಕಬೇಕು. ಮೊದಲ ಹೆಜ್ಜೆಗೆ ಇಷ್ಟೆಲ್ಲ ಬೇಡ ಅಲ್ವಾ?

ಪಿಸ್ತೂಲೇ ಬೇಕೆಂದರೆ ನಳಿಗೆ ಅಲುಗಾಡದ .22 ನೋಡಿ, ರೂಗರ್ ಮಾರ್ಕ್ 4ರಂಥದ್ದು. ಅದರ ನಳಿಗೆ ಗಿಡ್ಡ, ಹಾಗಾಗಿ ರೈಫಲ್‌ನಲ್ಲಿ ಸಿಡಿಯುವ ಎಷ್ಟೋ ತೋಟೆ ಅಲ್ಲಿ ಶಬ್ದದ ವೇಗ ಮುಟ್ಟುವುದೇ ಇಲ್ಲ. ರಿವಾಲ್ವರ್ ಬಿಟ್ಟುಬಿಡಿ. ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದಿಯಿಂದಲೇ ಗಾಳಿ ಸಿಡಿಯುತ್ತದೆ.

ಒಂದೇ ಕೊಳವೆ ಎಲ್ಲಕ್ಕೂ ಆಗುತ್ತಾ

".30 ಅಳತೆಯ ಒಂದು ದೊಡ್ಡದನ್ನು ಕೊಂಡುಬಿಡಿ, ಚಿಕ್ಕ ಗುಂಡಿಗೂ ಆಗುತ್ತೆ" ಅನ್ನುವವರು ಬಹಳ. ಅಳತೆಯ ಮಟ್ಟಿಗೆ ಮಾತು ನಿಜ. ದೊಡ್ಡ ತೂತಿನಲ್ಲಿ ಚಿಕ್ಕ ಗುಂಡು ಹೋಗುತ್ತದೆ. ಆದರೆ .22ಗೆ ಈ ಸಲಹೆ ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. .22 ಗುಂಡಿನ ಮೈಮೇಲೆ ತಾಮ್ರದ ದಪ್ಪ ಕವಚ ಇರುವುದಿಲ್ಲ, ಬಹುಪಾಲು ಬರೀ ಸೀಸ. ಪ್ರತಿ ಹೊಡೆತಕ್ಕೂ ಸೀಸದ ಪುಡಿ, ಮಸಿ ಬ್ಯಾಫಲ್‌ಗೆ ಅಂಟುತ್ತದೆ. ದೊಡ್ಡ ರೈಫಲ್ ಸಪ್ರೆಸರ್‌ಗಳು ಹೆಚ್ಚಾಗಿ ಬೆಸುಗೆ ಹಾಕಿ ಮುಚ್ಚಿರುವಂಥವು. ಒಳಗೆ ಕಟ್ಟಿದ ಸೀಸ ತೆಗೆಯೋದು ಬಹಳ ಕಷ್ಟ. .22ಗೆ ಅಂತಲೇ ಮಾಡಿದ, ಬಿಚ್ಚಿ ತೊಳೆಯಬಹುದಾದದ್ದನ್ನೇ ತಗೊಳ್ಳಿ.

ನಾನು ಐನೂರು ಗುಂಡಿಗೊಮ್ಮೆ ಬಿಚ್ಚುತ್ತೇನೆ. ಮೊದಲ ಸಲ ಬಿಚ್ಚಿದಾಗ ಮೊದಲ ಬ್ಯಾಫಲ್ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕರಕಲಾಗಿತ್ತು, ಕೊನೆಯದು ಇನ್ನೂ ಹೊಳೆಯುತ್ತಿತ್ತು. ಕೈಗವಸು ಹಾಕಿ, ಮನೆಯ ಹೊರಗೆ, ಮಕ್ಕಳು ದೂರ ಇರುವಾಗ ಮಾಡಿ. ಅಡುಗೆಮನೆಯ ಸಿಂಕ್ ಬೇಡವೇ ಬೇಡ. ವಿನಿಗರ್ ಮತ್ತು ಪೆರಾಕ್ಸೈಡ್ ಬೆರೆಸಿ ಸೀಸ ಕರಗಿಸುವ ಉಪಾಯ ಹೇಳುವವರಿದ್ದಾರೆ. ಕರಗಿದ ಆ ನೀರು ಸೀಸದ ಅಸಿಟೇಟ್, ಚರ್ಮದಿಂದಲೂ ಮೈಗೆ ಇಳಿಯುವ ವಿಷ. ಅದರ ಗೊಡವೆಗೆ ಹೋಗಬೇಡಿ.

ಉಲ್ಟಾ ತಪ್ಪು ಇನ್ನೂ ದೊಡ್ಡದು. .22ರ ಸಪ್ರೆಸರ್ ಅನ್ನು ಎಆರ್-15ಗೆ ತಿರುಗಿಸಬೇಡಿ. ಥ್ರೆಡ್ ಎರಡಕ್ಕೂ 1/2x28, ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. .22ರ ಒತ್ತಡದ ಮಿತಿ 24,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಆರ್-15ರ .223 ತೋಟೆಯದು 55,000. ಕೊಳವೆ ಒಡೆದುಹೋಗುತ್ತದೆ.

ಬೇಟೆಗೆ ಹೋಗುವವರಾದರೆ ಎರಡನೆಯ ಸಪ್ರೆಸರ್ ಆಗಿ .308 ಬೋಲ್ಟ್ ಆಕ್ಷನ್‌ಗೆ .30 ಅಳತೆಯದು ತಗೊಳ್ಳಬಹುದು.

ಕಾನೂನು, ಮುಖ್ಯವಾಗಿ ನಮ್ಮವರಿಗೆ

ಇಲ್ಲಿವರೆಗೆ ಹೇಳಿದ್ದೆಲ್ಲ ಅಮೆರಿಕಕ್ಕೆ, ಅದರಲ್ಲೂ 42 ರಾಜ್ಯಗಳಿಗೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಇಲಿನಾಯ್, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ರೋಡ್ ಐಲ್ಯಾಂಡ್, ಡೆಲವೇರ್, ಹವಾಯಿ, ಇಲ್ಲೆಲ್ಲ ಜನಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಬೇ ಏರಿಯಾ, ಎಡಿಸನ್, ಶಿಕಾಗೋ ಕಡೆಯ ಕನ್ನಡಿಗರಿಗೆ ಇದು ಅನ್ವಯಿಸುತ್ತದೆ.

ಉಳಿದ ಕಡೆ 1934ರ ಕಾನೂನಿನ ಪ್ರಕಾರ ನೋಂದಣಿ ಬೇಕು. ಡೀಲರ್ ಮೂಲಕ ಫಾರ್ಮ್ 4 ಅನ್ನುವ ಅರ್ಜಿ, ಬೆರಳಚ್ಚು, ಫೋಟೊ, ಬಂದೂಕುಗಳನ್ನು ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್‌ನ ಒಪ್ಪಿಗೆ. ಒಪ್ಪಿಗೆ ಬರುವವರೆಗೆ ದುಡ್ಡು ಕೊಟ್ಟ ವಸ್ತು ಅಂಗಡಿಯಲ್ಲೇ ಇರುತ್ತದೆ. 1934ರಿಂದ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ತೆರಿಗೆ ಹೋಯಿತು, ನೋಂದಣಿ ಹೋಗಿಲ್ಲ. ಮಾರಬೇಕೆಂದರೂ ಇದೇ ಓಡಾಟ, ಹಾಗಾಗಿ ಮೊದಲ ಸಲವೇ ಯೋಚಿಸಿ ಆರಿಸಿ. ಬಿಡಿಭಾಗ ತರಿಸಿ ಮನೆಯಲ್ಲಿ ಜೋಡಿಸುವ ಆಸೆಗೆ ಬೀಳಬೇಡಿ. ಸೈಲೆನ್ಸರ್ ಮಾಡುವ ಉದ್ದೇಶದ ಬಿಡಿಭಾಗವೂ ಆ ಕಾನೂನಿನಲ್ಲಿ ಸೈಲೆನ್ಸರೇ.

ಎಚ್-1ಬಿಯಂಥ ವೀಸಾ ಮೇಲಿರುವವರು ದಯವಿಟ್ಟು ಎರಡು ಸಲ ಓದಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ನೀವು ಬಂದೂಕು, ತೋಟೆ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಸಪ್ರೆಸರ್ ಕೂಡ ಕಾನೂನಿನ ಲೆಕ್ಕದಲ್ಲಿ ಬಂದೂಕೇ. ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಭಾರತದಲ್ಲಂತೂ ಸದ್ದು ತಗ್ಗಿಸುವ ಸಾಧನ ನಿಷೇಧಿತ ಆಯುಧಗಳ ವರ್ಗದಲ್ಲೇ ಬರುತ್ತದೆ. ಕೊಡವರಿಗೆ ಕೋವಿಗೆ ಇರುವ ಲೈಸೆನ್ಸ್ ವಿನಾಯಿತಿ ಇದಕ್ಕೆ ಇಲ್ಲ. ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ವಿಚಾರವೇ ಬೇಡ.

ಮೊದಲ ಗುಂಡಿಗೆ ಮುಂಚೆ

ಸಪ್ರೆಸರ್ ಸ್ವಲ್ಪ ಓರೆಯಾಗಿ ಕೂತರೂ ಗುಂಡು ಒಳಗಿನ ಬ್ಯಾಫಲ್‌ಗೆ ತಾಗಬಹುದು. ಥ್ರೆಡ್‌ನಲ್ಲಿ ಕಸ ಕೂತಿದ್ದರೂ ಸಾಕು, ಹೀಗಾಗಲು. ಬೋಲ್ಟ್ ಆಕ್ಷನ್‌ನಲ್ಲಿ ಬೋಲ್ಟ್ ತೆಗೆದು ಹಿಂದಿನಿಂದ ನೇರವಾಗಿ ನೋಡಿ ಇದನ್ನು ಪರೀಕ್ಷಿಸಬಹುದು, ಅದನ್ನೇ ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಆ ಹಿರಿಯರು ಅವತ್ತು ನನಗೆ ತೋರಿಸಿಕೊಟ್ಟಿದ್ದು ಇದು. ತೋಟೆ ಇಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದರು. ಬೋಲ್ಟ್ ಪೂರ್ತಿ ಹೊರಗೆಳೆದು ಮೇಜಿನ ಮೇಲಿಟ್ಟರು. ಸಪ್ರೆಸರ್ ತಿರುಗಿಸಿ, ನಳಿಗೆಯ ಥ್ರೆಡ್ ಮುಗಿಯುವ ಅಂಚಿಗೆ ತಾಗುವವರೆಗೆ ಬಿಗಿ ಮಾಡಿದರು. ಆಮೇಲೆ ರೈಫಲ್ ಅನ್ನು ಆಕಾಶದ ಬೆಳಕಿಗೆ ಹಿಡಿದು, ಹಿಂದಿನ ತುದಿಯಿಂದ ನೋಡು ಅಂದರು. ನಳಿಗೆಯ ದುಂಡನೆಯ ಅಂಚು ಕಂಡಿತು. ಅದರಾಚೆ ಸಪ್ರೆಸರ್‌ನ ಕೊನೆಯ ತೂತು, ಬಳೆಯೊಳಗೆ ಬಳೆಯಂತೆ, ಸುತ್ತಲೂ ಒಂದೇ ಅಂತರ. "ಆ ಬಳೆ ಒಂದು ಕಡೆ ವಾಲಿದ್ದರೆ ಹೊಡೀಬೇಡ. ಬಿಚ್ಚಿ, ಥ್ರೆಡ್ ಒರೆಸಿ, ಮತ್ತೆ ನೋಡು. ಆಗಲೂ ವಾಲಿದ್ದರೆ ಗನ್‌ಸ್ಮಿತ್ ಹತ್ತಿರ ತಗೊಂಡು ಹೋಗು" ಅಂದರು. ಹತ್ತು ಗುಂಡು ಹೊಡೆದಾದ ಮೇಲೆ ಮತ್ತೆ ಕೈಯಿಟ್ಟು ಬಿಗಿ ನೋಡಿದರು. ಸಡಿಲವಾಗಿತ್ತು, ಕಾಲು ಸುತ್ತು ತಿರುಗಿಸಿದರು.