ರೇಸ್ ಇಳಿಯದ ಹಳೇ ಕಾರು: ಸ್ಕ್ರೂ ತಿರುಗಿಸುವ ರೂಢಿ ಬಂದದ್ದೆಲ್ಲಿಂದ?

ವಿಜಯಪುರದ ಗ್ಯಾರೇಜುಗಳಲ್ಲಿ ಹಳೇ ಪೆಟ್ರೋಲ್ ಕಾರಿನ ಬಗ್ಗೆ ಕೇಳಿಬರುವ ಮಾಮೂಲಿ ದೂರು ಇದು. ಎಕ್ಸಲೇಟರ್‌ನಿಂದ ಕಾಲು ತೆಗೆದರೂ ರೇಸ್, ಅಂದರೆ ಇಂಜಿನ್ ತಿರುಗುವ ವೇಗ, ಇಳಿಯುವುದಿಲ್ಲ. ಇಲ್ಲವೇ ಗಾಡಿ ನಿಂತಲ್ಲೇ ರೇಸ್ ಏರುತ್ತ ಇಳಿಯುತ್ತ ಇರುತ್ತದೆ. ಕಾದ ಇಂಜಿನ್ ನ್ಯೂಟ್ರಲ್‌ನಲ್ಲಿ ಸುಮಾರು 800–900 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಬೇಕು. 1,500 ಇದ್ದರೆ ಪೆಟ್ರೋಲ್ ಸುಮ್ನೆ ದಂಡ. "ಸ್ವಲ್ಪ ಟ್ಯೂನಿಂಗ್ ಮಾಡಿ ಇಳಸ್ರಿ" ಅನ್ನುತ್ತಾರೆ ಮಾಲೀಕರು. ಆ ಮಾತು ಕಾರ್ಬುರೇಟರ್ ಕಾಲದ್ದು.

1983ರ ಕೊನೆಯಲ್ಲಿ ಬಂದ ಮಾರುತಿ 800ಕ್ಕೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುತ್ತಿದ್ದದ್ದು ಕಾರ್ಬುರೇಟರ್. ರೇಸಿಗೊಂದು ಸ್ಕ್ರೂ, ಮಿಶ್ರಣಕ್ಕೊಂದು ಸ್ಕ್ರೂ. ಪಳಗಿದ ಮೇಸ್ತ್ರಿ ಸದ್ದು ಕೇಳಿಯೇ ಎರಡನ್ನೂ ಹೊಂದಿಸುತ್ತಿದ್ದರು. 2000ದ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ 'ಇಂಡಿಯಾ 2000' ಹೊಗೆ ನಿಯಮ ಬಂತು. 2005ರಲ್ಲಿ ಭಾರತ್ ಸ್ಟೇಜ್ 2. ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದು ಕೂತಿತು. ಇಂಥ ಗಾಡಿಯಲ್ಲಿ ರೇಸ್ ನೋಡಿಕೊಳ್ಳುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ಗಾಳಿ ಒಳಬಿಡುವ ಮುಖ್ಯ ಬಾಗಿಲಾದ ಥ್ರಾಟಲ್ ಮುಚ್ಚಿದಾಗ ಪಕ್ಕದ ಸಣ್ಣ ದಾರಿಯಲ್ಲಿ ಐಡಲ್ ವಾಲ್ವ್ ಬೇಕಾದಷ್ಟೇ ಗಾಳಿ ಬಿಡುತ್ತದೆ. ಥ್ರಾಟಲ್ ಬಾಡಿಯಲ್ಲೂ ಒಂದು ಸ್ಕ್ರೂ ಉಂಟು, ನಿಜ. ಆದರೆ ಅದು ಕಂಪನಿಯಲ್ಲೇ ಹೊಂದಿಸಿ ಬಿಟ್ಟದ್ದು, ನಾವು ಮುಟ್ಟುವುದಕ್ಕಲ್ಲ.

ಕಾರ್ಬುರೇಟರ್ ಕಾಲದ ಇನ್ನೊಂದು ರೂಢಿ ನಮ್ಮ ಬಿಸಿಲಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಇಂಜಿನ್ ಹೀಟ್ ಆಗದಿರಲಿ ಎಂದು ನೀರು ಕಾಯುವ ತನಕ ರೇಡಿಯೇಟರ್ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವುದು. ಹಳೇ ಇಂಜಿನ್ ಅದನ್ನು ಹೇಗೋ ಸಹಿಸಿಕೊಂಡಿತು. ಎಂಪಿಎಫ್‌ಐ ಸಹಿಸುವುದಿಲ್ಲ. ಚಳಿಗಾಲದ ಬೆಳಗ್ಗೆ ಸೋಲಾಪುರದ ಹೆದ್ದಾರಿ ಹಿಡಿದರೆ ನೀರು ಕಾಯುವುದೇ ಇಲ್ಲ. ಟೆಂಪರೇಚರ್ ಸೆನ್ಸರ್ 'ಇಂಜಿನ್ ಇನ್ನೂ ತಣ್ಣಗಿದೆ' ಎಂದು ವರದಿ ಕೊಡುತ್ತದೆ. ಇಸಿಯು ಪೆಟ್ರೋಲನ್ನೂ ರೇಸನ್ನೂ ಜಾಸ್ತಿ ಮಾಡುತ್ತದೆ. ಅದರ ತಪ್ಪೇನಿದೆ ಹೇಳಿ? ಸೆನ್ಸರೇ ಕೆಟ್ಟಿದ್ದರೂ ಫಲ ಇದೇ.

ಏರಿಳಿತದ ಕಥೆ ಬೇರೆ. ಹಳೇ ರಬ್ಬರ್ ಹೋಸ್ ಬಿಸಿಗೆ ಸೀಳುತ್ತದೆ, ಇಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸಡಿಲಾಗುತ್ತದೆ. ಅಲ್ಲಿಂದ ಕಳ್ಳಗಾಳಿ ನುಗ್ಗಿ ರೇಸ್ ಏರುತ್ತದೆ. ಥ್ರಾಟಲ್ ಮುಚ್ಚಿದ್ದರೂ ವೇಗ ಜಾಸ್ತಿಯಾಯಿತೆಂದು ಇಸಿಯು ಪೆಟ್ರೋಲ್ ಕಡಿಯುತ್ತದೆ. ರೇಸ್ ಬೀಳುತ್ತದೆ. ಮತ್ತೆ ಪೆಟ್ರೋಲ್, ಮತ್ತೆ ಏರು. ಇಂಥ ಹೊತ್ತಲ್ಲಿ ಸ್ಕ್ರೂ ತಿರುಗಿಸಿದರೆ ಸೋರಿಕೆ ಹಾಗೇ ಉಳಿದು, ಎಸಿ ಹಾಕಿದ ಕೂಡಲೇ ಗಾಡಿ ಬಂದ್ ಬೀಳುತ್ತದೆ.

ಹಾಗಾಗಿ ಮೊದಲು ಎಕ್ಸಲೇಟರ್ ಕೇಬಲ್ ಬಿಗಿಯಾಗಿ ಎಳೆದಿದೆಯೇ ನೋಡಿ. ಇಂಜಿನ್ ಕಾಯಲಿ, ಎಸಿ ಬಂದ್ ಇರಲಿ. ಗಾಳಿಯ ಹೋಸ್‌ಗಳನ್ನು ಒಂದೊಂದಾಗಿ ಇಕ್ಕಳದಿಂದ ಮೆತ್ತಗೆ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ರೇಸ್ ಇಳಿಯುತ್ತದೋ ಆ ಕಡೆ ಹುಡುಕಿ. ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಇಂಜಿನ್ನಿನ ಗಾಳಿ ಎಳೆತದಿಂದ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಕಡೆ ಅನುಮಾನ ಪಡಿ. ಇಸಿಯು ಓದುವ ಸ್ಕ್ಯಾನರ್ ಇದ್ದರೆ ಕೂಲೆಂಟ್ (ಇಂಜಿನ್ ತಣಿಸುವ ನೀರು) ಎಷ್ಟು ಡಿಗ್ರಿ ತೋರಿಸುತ್ತದೆ ನೋಡಿ, ಕಾದ ಇಂಜಿನ್ನಿನಲ್ಲಿ 80–95ರ ನಡುವೆ ಇರಬೇಕು. ಥ್ರಾಟಲ್ ಬಾಡಿ, ಐಡಲ್ ವಾಲ್ವಿನ ಕಾರ್ಬನ್ ತೊಳೆಯುವುದು ಆಮೇಲಿನ ಕೆಲಸ. ತೊಳೆದ ಮೇಲೆ ರೇಸ್ ಸ್ವಲ್ಪ ಹೊತ್ತು ಜಾಸ್ತಿಯೇ ಇರಬಹುದು. ಹೊಸ ಅಳತೆ ಇಸಿಯುಗೆ ಒಗ್ಗಲು ಸಮಯ ಬೇಕು. ಅಷ್ಟರಲ್ಲೇ ಮತ್ತೆ ಸ್ಕ್ರೂಡ್ರೈವರ್ ಎತ್ತಬೇಡಿ.